ಒಂದೇ ಓಟ, ಎರಡು ಚಿತ್ರ

ನಾನು ಕೊಂಡ ಮೋಟಾರು ಓಟದ ಚಿತ್ರದಲ್ಲಿ ಚಾಲಕ ಹಾಥಾರ್ನ್ ಅವರ ಕಾರಿನ ಮೇಲೆ 7 ಎಂದು ಬರೆದಿದೆ. ಇರಬೇಕಾದದ್ದು 8. ಕ್ಯಾನ್ವಾಸಿನ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ದಪ್ಪ ಪುಸ್ತಕಗಳನ್ನು ಹೇರಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತೆ. ಮೊದಲು ಕಂಡದ್ದು ಕೆಂಪು, ಎದೆ ತುಂಬಿ ಬರುವಂಥ ಕೆಂಪು. ಅದರ ಬೆನ್ನಿಗೇ ಕಂಡದ್ದು ಈ 7. ಆಮೇಲೆ ಎಷ್ಟು ಹೊತ್ತು ನೋಡಿದರೂ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಚಿತ್ರದ ವಸ್ತು 1957ರ ಆಗಸ್ಟ್ 4ರಂದು ನಡೆದ ಜರ್ಮನ್ ಗ್ರಾಂಡ್ ಪ್ರಿ. ಮೋಟಾರು ಓಟದ ಚಿತ್ರಗಳನ್ನು ಕೂಡಿಡುವವರಿಗೆ ಈ ಓಟದ ಒಂದು ಚಿತ್ರವಾದರೂ ಗೋಡೆಯ ಮೇಲೆ ಇರಬೇಕೆನಿಸುವುದು ಸಹಜ. ಓಟ ನಡೆದ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ಒಂದು ಸುತ್ತು 22.8 ಕಿಲೋಮೀಟರ್; ಅಂದು ಓಡಬೇಕಿದ್ದದ್ದು 22 ಸುತ್ತು. 46 ವರ್ಷದ ಹುವಾನ್ ಮ್ಯಾನುಯೆಲ್ ಫಾಂಜಿಯೊ ತಮ್ಮ ಮಸೆರಾಟಿ 250ಎಫ್ ಕಾರಿಗೆ ಅರ್ಧ ಟ್ಯಾಂಕಿನಷ್ಟೇ ಇಂಧನ ತುಂಬಿಸಿಕೊಂಡು ಹೊರಟರು. 12ನೇ ಸುತ್ತಿನ ಕೊನೆಗೆ ಇಂಧನಕ್ಕೂ ಟೈರಿಗೂ ನಿಂತಾಗ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮತ್ತೆ ರಸ್ತೆಗೆ ಬಿದ್ದಾಗ ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ಸುಮಾರು ಮುಕ್ಕಾಲು ನಿಮಿಷ ಮುಂದಿದ್ದರು. ಅಲ್ಲಿಂದ ಫಾಂಜಿಯೊ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತ ಬಂದರು. ಅವರ ಅತಿ ವೇಗದ ಸುತ್ತು 9 ನಿಮಿಷ 17.4 ಸೆಕೆಂಡು. ಅರ್ಹತಾ ಸುತ್ತಿನಲ್ಲಿ, ಓಟದ ಒತ್ತಡವಿಲ್ಲದಾಗ, ಅವರೇ ಮಾಡಿದ್ದ ಸಮಯಕ್ಕಿಂತ ಇದು 8.2 ಸೆಕೆಂಡು ಕಡಿಮೆ. 21ನೇ ಸುತ್ತಿನಲ್ಲಿ ಮೊದಲು ಕಾಲಿನ್ಸ್, ನಂತರ ಹಾಥಾರ್ನ್ ಹಿಂದೆ ಬಿದ್ದರು. ಗೆಲುವಿನ ಅಂತರ 3.6 ಸೆಕೆಂಡು. ಐದನೇ ವಿಶ್ವ ಪ್ರಶಸ್ತಿ ಅಲ್ಲೇ ಖಚಿತವಾಯಿತು. ಗ್ರಾಂಡ್ ಪ್ರಿಯಲ್ಲಿ ಅದು ಅವರ 24ನೇ ಗೆಲುವು, ಕೊನೆಯ ಗೆಲುವೂ ಹೌದು.

ಅಂದು ಫಾಂಜಿಯೊ ಕಾರಿನ ಸಂಖ್ಯೆ 1, ಕಾಲಿನ್ಸ್ ಅವರದು 7, ಹಾಥಾರ್ನ್ ಅವರದು 8. ಕ್ಯಾನ್ವಾಸಿನಲ್ಲಿರುವ ಚಾಲಕ ಹಾಥಾರ್ನ್ ಎಂಬುದರಲ್ಲಿ ಅನುಮಾನವಿಲ್ಲ. ಬೋ ಟೈ ಕಟ್ಟಿಕೊಂಡು ಓಡಿಸುವುದಕ್ಕೆ ಹೆಸರಾಗಿದ್ದವರು ಅವರು, ಚಿತ್ರದಲ್ಲಿ ಬೋ ಟೈ ಸ್ಪಷ್ಟವಾಗಿದೆ. ಕೆಳಗಿನ ಶೀರ್ಷಿಕೆಯಲ್ಲಿ ಅವರ ಹೆಸರೂ ಇದೆ. ಇಷ್ಟೆಲ್ಲ ಗಮನಿಸಿದ ಕಲಾವಿದರು ಕಾರಿಗೆ ಕಾಲಿನ್ಸ್ ಅವರ ಸಂಖ್ಯೆ ಹಾಕಿದ್ದಾರೆ.

ಇದು ಸಣ್ಣ ವಿಷಯ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಲ್ಮೆಟ್, ಗಾಗಲ್ಸ್, ಧೂಳು ಸೇರಿ ಮುಖವೇ ಮರೆಯಾಗುವ ಆಟದಲ್ಲಿ ಸಂಖ್ಯೆಯೇ ಮನುಷ್ಯನ ಹೆಸರು. ಕಾಲಿನ್ಸ್ ಮರುವರ್ಷ ಇದೇ ಜರ್ಮನ್ ಗ್ರಾಂಡ್ ಪ್ರಿಯಲ್ಲಿ, ಇದೇ ಟ್ರ್ಯಾಕಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಹಾಥಾರ್ನ್ 1958ರ ವಿಶ್ವ ಪ್ರಶಸ್ತಿ ಗೆದ್ದು, 1959ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಇಬ್ಬರೂ ಮೂವತ್ತು ದಾಟಲಿಲ್ಲ. ಅವರ ಚಿತ್ರ ಬರೆಯುವವರು ಯಾರು ಯಾರೆಂಬುದನ್ನಾದರೂ ಸರಿಯಾಗಿ ಬರೆಯಬೇಕು.

ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಈ ವಿಮರ್ಶೆ ಬರೆದಿರುವುದು ಆ ಕಣ್ಣಿನಿಂದ. ನಾನು ಇಪ್ಪತ್ತಾರು ವರ್ಷ ಆಫ್‌ಸೆಟ್ ಮುದ್ರಣಾಲಯದಲ್ಲಿ ಬಣ್ಣ ತಾಳೆ ನೋಡುತ್ತಿದ್ದವಳು. ಯಂತ್ರದಿಂದ ಹಾಳೆ ಎಳೆದು, ಪ್ರೂಫಿನ ಪಕ್ಕದಲ್ಲಿಟ್ಟು, ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಒತ್ತಿಕೊಂಡು, ಮಜೆಂಟಾ (ನೇರಳೆಗೆಂಪು) ಇಳಿಸಿ, ಹಳದಿ ಏರಿಸಿ ಎಂದು ಹೇಳುವುದು ನನ್ನ ಕೆಲಸ. ಒಂದು ಮೋಟಾರು ಪತ್ರಿಕೆಯ ಪುಟಗಳು ಪ್ರತಿ ತಿಂಗಳೂ ನಮ್ಮಲ್ಲಿ ಅಚ್ಚಾಗುತ್ತಿದ್ದವು. ಓಟದ ಛಾಯಾಚಿತ್ರಗಳನ್ನು ನೂರಾರು ನೋಡಿದೆ. ಅವುಗಳಲ್ಲಿ ಬಹುಪಾಲು ನನಗೆ ಬೇಸರ ತರಿಸುತ್ತಿದ್ದವು: ಶಟರ್ ಅಷ್ಟು ಚುರುಕು, ಕಾರು ನಿಲ್ಲಿಸಿಟ್ಟಂತೆ ಕಾಣುತ್ತಿತ್ತು, ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದಿತ್ತು. ಒಂದು ಸಂಚಿಕೆಗೆ ಹಳೆಯ ವರ್ಣಚಿತ್ರವೊಂದರ ಪುಟ ಬಂತು. ಅದರಲ್ಲಿ ಚಕ್ರಕ್ಕೆ ಕಡ್ಡಿಗಳೇ ಇರಲಿಲ್ಲ, ಬೂದುಬಣ್ಣದ ಒಂದು ತಿರುಗು ಇತ್ತು, ಅಷ್ಟೆ. ಆದರೆ ಕಾರು ಓಡುತ್ತಿತ್ತು. ನನ್ನ ಸಂಗ್ರಹ ಶುರುವಾದದ್ದು ಆ ಹಾಳೆಯಿಂದ.

ವೇಗವನ್ನು ಕುಂಚದಲ್ಲಿ ಹಿಡಿಯುವ ಉಪಾಯಗಳಿಗೆ ನೂರು ವರ್ಷ ದಾಟಿದ ಚರಿತ್ರೆಯಿದೆ. 20ನೇ ಶತಮಾನದ ಮೊದಲ ದಶಕದಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮೊಂಟೊ ಕಾರನ್ನು ಮುಂದಕ್ಕೆ ಬಾಗಿಸಿ, ದುಂಡು ಚಕ್ರವನ್ನು ಮೊಟ್ಟೆಯಾಕಾರಕ್ಕೆ ಎಳೆದು, ಹಿಂದೆ ಗಾಳಿಯ ಗೆರೆಗಳನ್ನು ಹಾಕಿದರು. ಕಲ್ಲಚ್ಚಿನ ಗೆರೆಚಿತ್ರಕ್ಕೆ ಕೊರೆಯಚ್ಚು ಇಟ್ಟು ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ಹಚ್ಚಿಸುತ್ತಿದ್ದರು. ಪತ್ನಿ ಮಾರ್ಗರೀಟ್ ಅವರೂ ಕಲಾವಿದೆ; ಗಾಮಿ ಎಂದು ಸಹಿ ಹಾಕುತ್ತಿದ್ದರು. ಅದೇ ಬಾಗಿದ ಚಕ್ರವನ್ನು ಮುಂದೆ ಝಾಕ್ ಆನ್ರಿ ಲಾರ್ತಿಗ್ ಅವರ ಹೆಸರಾಂತ ಛಾಯಾಚಿತ್ರದಲ್ಲೂ ನೋಡುತ್ತೇವೆ. ಅಲ್ಲಿ ಅದು ಶಟರಿನ ಕೆಲಸ. ಬೆಳಕಿನ ಸೀಳು ನೆಗೆಟಿವ್‌ನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವಷ್ಟರಲ್ಲಿ ಕಾರೂ ಸರಿದಿರುತ್ತದೆ, ಹಾಗಾಗಿ ಚಕ್ರದ ಮೇಲ್ಭಾಗ ಒಂದು ಕಡೆ, ಕೆಳಭಾಗ ಇನ್ನೊಂದು ಕಡೆ ಬೀಳುತ್ತದೆ. ಯಂತ್ರ ಆಕಸ್ಮಿಕವಾಗಿ ಮಾಡಿದ್ದನ್ನು ಮೊಂಟೊ ಬೇಕೆಂದೇ ಕೈಯಿಂದ ಬರೆದಿದ್ದರು ಎಂಬುದು ನನಗೆ ಇಂದಿಗೂ ಮೈನವಿರೇಳಿಸುವ ಸಂಗತಿ.

ಕ್ಯಾನ್ವಾಸಿಗೆ ಮರಳುತ್ತೇನೆ. ಇದು ಜಿಕ್ಲೆ ಮುದ್ರಣ, ಅಂದರೆ ಉತ್ತಮ ದರ್ಜೆಯ ಇಂಕ್‌ಜೆಟ್. ಚಿಮ್ಮಿಸುವುದು ಎಂಬ ಅರ್ಥದ ಫ್ರೆಂಚ್ ಮೂಲದಿಂದ 1991ರಲ್ಲಿ ಟಂಕಿಸಿದ ಹೆಸರು. ಇದರ ಗುಣವನ್ನು ಮುಚ್ಚಿಡುವುದು ನ್ಯಾಯವಲ್ಲ. ಆಫ್‌ಸೆಟ್‌ನ ನಾಲ್ಕು ಬಣ್ಣದಲ್ಲಿ ಇಂಥ ಕೆಂಪು ತೆಗೆಯುವುದು ನನ್ನಿಂದ ಆಗುತ್ತಿರಲಿಲ್ಲ. ಮರಗಳ ನೆರಳಿನಲ್ಲಿ ಕಪ್ಪು ಕಪ್ಪಾಗಿಯೇ ಇದೆ, ಅದರೊಳಗೆ ಹಸಿರಿನ ಸುಳಿವೂ ಉಳಿದಿದೆ. ಪಿಗ್ಮೆಂಟ್ (ಬಣ್ಣದ ಪುಡಿಯ) ಶಾಯಿ ಆದ್ದರಿಂದ ಬಣ್ಣ ಬಹುಕಾಲ ನಿಲ್ಲುತ್ತದೆ. ಸೋತಿರುವುದು ಸೂಕ್ಷ್ಮದಲ್ಲಿ. ಕ್ಯಾನ್ವಾಸಿನ ನೇಯ್ಗೆ ಗಾಗಲ್ಸಿನ ಅಂಚನ್ನೂ ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನೂ ನುಂಗಿಬಿಟ್ಟಿದೆ. ಮೇಲೆ ಬಳಿದ ವಾರ್ನಿಷ್ ಯಾವ ದೀಪದ ಕೆಳಗೂ ಒಂದು ಬಿಳಿ ಹೊಳಪು ಎಬ್ಬಿಸುತ್ತದೆ. ಮರದ ಚೌಕಟ್ಟಿಗೆ ಬಿಗಿಯಲು ಅಂಚಿನಲ್ಲಿ ಖಾಲಿ ಜಾಗ ಬಿಟ್ಟಿಲ್ಲ. ಬಿಗಿದರೆ ನಾಲ್ಕೂ ಕಡೆ ಚಿತ್ರವೇ ಮಡಚಿಕೊಂಡು ಬದಿಗೆ ಹೋಗುತ್ತದೆ, ಫಾಂಜಿಯೊ ಕಾರಿನ ಮೂತಿಯೂ ಅದರ ಜೊತೆಗೆ ಹೋಗುತ್ತದೆ.

ನನಗೆ ನಿಜಕ್ಕೂ ನೋವಾದದ್ದು ಪ್ರಮಾಣಪತ್ರ ನೋಡಿದಾಗ. ಸೀಮಿತ ಆವೃತ್ತಿ, 250 ಪ್ರತಿ, ಕಲಾವಿದರ ಸಹಿ ಇದೆ ಎಂದು ಅದರಲ್ಲಿದೆ. 250 ಎಂಬುದು ಈ ಅಳತೆಗೆ ಮಾತ್ರ. ಇದೇ ಚಿತ್ರ ಇನ್ನೂ ಮೂರು ಅಳತೆಗಳಲ್ಲಿ ಸಿಗುತ್ತದೆ, ಪ್ರತಿಯೊಂದಕ್ಕೂ ಅದರದೇ 250, ಸೇರಿಸಿದರೆ ಸಾವಿರ. ಇನ್ನು ಸಹಿ. ಲೂಪ್ ಇಟ್ಟು ನೋಡಿದೆ. ಕೈಯಿಂದ ಹಾಕಿದ ಸಹಿಯಾದರೆ ಶಾಯಿ ಒಂದೇ ಬಣ್ಣದ ಗೆರೆಯಾಗಿ, ನೇಯ್ಗೆಯ ಉಬ್ಬಿನ ಮೇಲೆ ಕುಳಿತಿರುತ್ತದೆ, ಲೇಖನಿ ಎತ್ತಿದ ಕಡೆ ತೆಳುವಾಗುತ್ತದೆ. ಇಲ್ಲಿ ಸಹಿಯ ಗೆರೆಯೊಳಗೆ ಸಯಾನ್ (ಹಸಿರುನೀಲಿ), ಮಜೆಂಟಾ, ಹಳದಿ, ಕಪ್ಪಿನ ಹುಡಿ ಚೆಲ್ಲಿತ್ತು. ಸುತ್ತಲಿನ ಹುಲ್ಲಿನಲ್ಲಿ ಇದ್ದಂಥದೇ ಹುಡಿ. ಸಹಿಯೂ ಅಚ್ಚಾಗಿತ್ತು.

ಮಾರಾಟಗಾರರಿಗೆ ಸಹಿಯ ವಿಷಯವನ್ನೂ ಕಾರಿನ ಮೇಲಿನ 7ರ ವಿಷಯವನ್ನೂ ಬರೆದೆ. ಒಂಬತ್ತು ದಿನಗಳ ನಂತರ ಉತ್ತರ ಬಂತು: ಸಹಿ ಮೂಲ ಚಿತ್ರದಲ್ಲಿಯೇ ಇದೆ, ಆದ್ದರಿಂದ ಸಹಿ ಇದೆ ಎಂದಿದ್ದೇವೆ, ಕಾರಿನ ಸಂಖ್ಯೆ ಕಲಾವಿದರ ಸ್ವಾತಂತ್ರ್ಯ. ಕ್ಯಾನ್ವಾಸನ್ನು ಹಿಂತಿರುಗಿಸಿದೆ. ಕಳುಹಿಸುವ ವೆಚ್ಚ ನನ್ನ ತಲೆಗೇ ಬಂತು, ಹಣ ಕೈಸೇರಲು ಆರು ವಾರ ಹಿಡಿಯಿತು. ಅವರ ಹೆಸರು ಬರೆಯುವುದಿಲ್ಲ, ಏಕೆಂದರೆ ಅಳತೆಗೊಂದು ಆವೃತ್ತಿ, ಅಚ್ಚಾದ ಸಹಿಗೊಂದು ಪ್ರಮಾಣಪತ್ರ ಎಂಬುದು ಒಬ್ಬರದೇ ಅಭ್ಯಾಸವಲ್ಲ. ಕೊಳ್ಳುವ ಮೊದಲೇ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಎಲ್ಲ ಅಳತೆ ಸೇರಿ ಎಷ್ಟು ಪ್ರತಿ? ಸಹಿಯನ್ನು ಈ ಪ್ರತಿಯ ಮೇಲೆ ಕೈಯಿಂದ ಹಾಕಿದ್ದಾರೆಯೇ?

ಎರಡನೆಯ ಚಿತ್ರ ಸಿಕ್ಕಿದ್ದು ಹಳೆಯ ಮುದ್ರಣಗಳನ್ನು ಮಾತ್ರ ಮಾರುವ ಒಬ್ಬರ ಬಳಿ. ಅದೇ ಓಟ, ಅದೇ ಸುತ್ತು, ಬೇರೆ ಕಲಾವಿದರು. ಕಾಗದದ ಮೇಲೆ ಆಫ್‌ಸೆಟ್ ಲಿಥೋಗ್ರಾಫ್, 500 ಪ್ರತಿಗಳ ಒಂದೇ ಆವೃತ್ತಿ, ನನ್ನದು 312ನೆಯದು. ಇವರ ವಿವರಣೆ ಓದಿಯೇ ನಂಬಿಕೆ ಬಂತು. ಬಣ್ಣ ಮಾಸಿದೆ, ಬಿಳಿ ಅಂಚಿನಲ್ಲಿ ಏಳು ಕಂದು ಚುಕ್ಕೆಗಳಿವೆ, ಹಿಂಬದಿಯಲ್ಲಿ ಹಳೆಯ ಅಂಟುಪಟ್ಟಿಯ ಕಲೆ ಇದೆ ಎಂದು ಬರೆದು, ಹಿಂಬದಿಯ ಛಾಯಾಚಿತ್ರವನ್ನೂ ಕೊಟ್ಟಿದ್ದರು. ಚುಕ್ಕೆಗಳನ್ನು ಎಣಿಸಿ ನೋಡಿದೆ, ಏಳೇ ಇದ್ದವು. ಚಿತ್ರವನ್ನು ಸುರುಳಿ ಸುತ್ತದೆ, ಎರಡು ಗಟ್ಟಿ ಹಲಗೆಗಳ ನಡುವೆ ಚಪ್ಪಟೆಯಾಗಿ ಇಟ್ಟು, ಕಾಗದದ ತ್ರಿಕೋನಗಳಲ್ಲಿ ಮೂಲೆಗಳನ್ನು ಸಿಕ್ಕಿಸಿ ಕಳುಹಿಸಿದ್ದರು. ಚಿತ್ರಕ್ಕೆ ಎಲ್ಲೂ ಅಂಟು ತಾಗಿರಲಿಲ್ಲ. ಮುದ್ರಣವನ್ನು ಸಾಗಿಸುವ ರೀತಿ ಇದು.

ಬಲ ಕೆಳಮೂಲೆಯಲ್ಲಿ ಪೆನ್ಸಿಲ್ ಸಹಿ. ಟಾರ್ಚನ್ನು ಕಾಗದಕ್ಕೆ ಸಮನಾಗಿ ಮಲಗಿಸಿ ಬೆಳಕು ಬಿಟ್ಟರೆ ಪೆನ್ಸಿಲ್ ಒತ್ತಿದ ತಗ್ಗು ಕಾಣುತ್ತದೆ, ಸೀಸದ ಬೂದು ಮಿನುಗು ಕಾಣುತ್ತದೆ. ಮೊದಲಕ್ಷರದಲ್ಲಿ ಒತ್ತಡ ಹೆಚ್ಚು, ಕೊನೆಗೆ ಹಗುರ. ಐನೂರು ಸಹಿಗಳಲ್ಲಿ ಮುನ್ನೂರ ಹನ್ನೆರಡನೆಯದನ್ನು ಹಾಕುತ್ತಿದ್ದ ಕೈ ಅದು.

ಚಿತ್ರದ ಮೇಲೆ ಲೂಪ್ ಇಟ್ಟಾಗ ನನ್ನ ಹಳೆಯ ಸ್ನೇಹಿತರು ಎದುರಾದರು: ಪುಟ್ಟ ಪುಟ್ಟ ಗುಲಾಬಿಗಳು. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣದ ಚುಕ್ಕೆಸಾಲುಗಳನ್ನು ನಾಲ್ಕು ಕೋನಗಳಲ್ಲಿ ಕೂರಿಸುತ್ತಾರೆ. ಸಾಮಾನ್ಯವಾಗಿ ಕಪ್ಪು 45 ಡಿಗ್ರಿ, ಮಜೆಂಟಾ 75, ಸಯಾನ್ 15, ಹಳದಿ 0. ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಕೂರುವ ಹೊಂದಾಣಿಕೆ, ಸರಿಯಿದ್ದರೆ ಆ ಸಾಲುಗಳು ಕೂಡಿ ಗುಲಾಬಿಯಾಕಾರ ಮೂಡುತ್ತದೆ. ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಹೂವು ಕೆಡುತ್ತದೆ. ಇಲ್ಲಿ ಒಂದು ಹೂವೂ ಕೆಟ್ಟಿರಲಿಲ್ಲ. ಆ ಯಂತ್ರದ ಮುಂದೆ ನಿಂತಿದ್ದವರು ಯಾರೋ, ಅವರ ಕೆಲಸಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಚಿತ್ರದಲ್ಲಿ ಹಾಥಾರ್ನ್ ಅವರ ಕಾರಿನ ಮೇಲೆ 8 ಇದೆ. ಅದನ್ನೂ ಮೀರಿ ನನ್ನನ್ನು ಹಿಡಿದದ್ದು, ಒಂದೇ ಇಟಾಲಿಯನ್ ಕೆಂಪಿನ ಮೂರು ಕಾರುಗಳನ್ನು ಕಲಾವಿದರು ಬೇರ್ಪಡಿಸಿದ ಜಾಣತನ. ಅಂದಿನ ದಿನಗಳಲ್ಲಿ ಕಾರಿನ ಬಣ್ಣ ದೇಶದ ಬಣ್ಣ: ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ. ಮಸೆರಾಟಿಯೂ ಕೆಂಪು, ಫೆರಾರಿಯೂ ಕೆಂಪು. ಇವರು ಮಸೆರಾಟಿಯನ್ನು ಮರಗಳ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿಟ್ಟು, ಹಾಥಾರ್ನ್ ಅವರ ಕಾರನ್ನು ಅರ್ಧ ನೆರಳಿಗೆ ತಳ್ಳಿದ್ದಾರೆ. ಫಾಂಜಿಯೊ ಕಾರಿನ ಒಳಬದಿಯ ಚಕ್ರಗಳು ಹುಲ್ಲಿನ ಮೇಲಿವೆ, ಮಣ್ಣು ಚಿಮ್ಮುತ್ತಿದೆ. ಹಾಥಾರ್ನ್ ಅವರ ತಲೆ ಅರ್ಧ ಅಂಗುಲ ಎಡಕ್ಕೆ ತಿರುಗಿದೆ. ಆ ಕ್ಷಣದಲ್ಲಷ್ಟೇ ಅವರಿಗೆ ಗೊತ್ತಾಗಿದೆ. ಹಿಂದೆ, ಎಡ ಅಂಚಿನಲ್ಲಿ, ಕಾಲಿನ್ಸ್ ಅವರ 7ನೇ ಸಂಖ್ಯೆಯ ಕಾರು. ಅದರ ಬಾಲ ಅಂಚಿನಲ್ಲಿ ಮರೆಯಾಗಿತ್ತು. ಈ ಮೂರು ಕಾರುಗಳ ನಡುವೆ ಉಳಿದಿರುವ ರಸ್ತೆಯನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ.

ಬಣ್ಣ ಮಾಸಿರುವುದು ನಿಜ. ಹಿಂದಿನ ಮಾಲೀಕರು ಬಿಸಿಲು ಬೀಳುವ ಗೋಡೆಗೆ ಹಾಕಿರಬೇಕು. ಆಫ್‌ಸೆಟ್ ಶಾಯಿಗಳಲ್ಲಿ ಬೆಳಕಿಗೆ ಮೊದಲು ಸೋಲುವುದು ಹಳದಿ ಮತ್ತು ಮಜೆಂಟಾ. ಸಯಾನ್ ಮತ್ತು ಕಪ್ಪು ಗಟ್ಟಿ. ಹೀಗಾಗಿ ಹುಲ್ಲು ನೀಲಿಗೆ ವಾಲಿದೆ, ಕಾರುಗಳು ಇಟ್ಟಿಗೆ ತೊಳೆದ ನೀರಿನಂತೆ ತಿಳಿಯಾಗಿವೆ. ಹಳೆಯ ಚೌಕಟ್ಟಿನಿಂದ ಉಳಿದು ಹಾಳೆಯ ಮೇಲೆ ಇನ್ನೂ ಇದ್ದ ಒಳರಟ್ಟು ಅಗ್ಗದ ಮರದ ತಿರುಳಿನದು. ಅದರ ಆಮ್ಲ ಇಳಿದು, ಓರೆಯಾಗಿ ಕತ್ತರಿಸಿದ ಅಂಚಿನುದ್ದಕ್ಕೂ ಚಿತ್ರದ ಸುತ್ತ ಒಂದು ಕಂದು ಗೆರೆ ಸುಟ್ಟಂತೆ ಮೂಡಿದೆ. ಸಂಗ್ರಹಕ್ಕೆ ಹೊಸಬರು ಇದನ್ನೆಲ್ಲ ನೋಡಿ ಬಿಟ್ಟುಬಿಡಬಹುದು. ಗೋಡೆಗೆ ಉಜ್ವಲ ಬಣ್ಣವಷ್ಟೇ ಬೇಕಾದವರಿಗೆ ಈ ಪ್ರತಿಯನ್ನು ನಾನೂ ಹೇಳುವುದಿಲ್ಲ. ಆದರೆ ಒಂದು ಎಚ್ಚರಿಕೆ: ಮಾರುವವರು ಕೊಡುವ ಛಾಯಾಚಿತ್ರದಲ್ಲಿ ಬಿಳಿ ಅಂಚು ಬಿಳಿಯಾಗಿದ್ದು ಹುಲ್ಲು ಮಾತ್ರ ನೀಲಿಯಾಗಿ ಕಂಡರೆ, ಅದು ಕ್ಯಾಮೆರಾದ ದೋಷವಾಗಿರಲಾರದು, ಬಣ್ಣವೇ ಹೋಗಿದೆ.

ಹಳೆಯ ಪೋಸ್ಟರ್ ಹುಡುಕುವವರಿಗೂ ಇದೇ ಲೂಪ್ ನೆರವಾಗುತ್ತದೆ. ಮೊನಾಕೊ ಗ್ರಾಂಡ್ ಪ್ರಿಗೆ 1930ರ ದಶಕದಲ್ಲಿ ರೊಬೆರ್ ಫಾಲ್ಕುಚ್ಚಿ ಮತ್ತು ಝಿಯೊ ಹ್ಯಾಮ್ ಮಾಡಿದ ಪೋಸ್ಟರ್‌ಗಳ ಮರುಮುದ್ರಣಗಳು ಲೆಕ್ಕವಿಲ್ಲದಷ್ಟಿವೆ. ಮೂಲದ, ಕೈಯಿಂದ ಬರೆದು ಅಚ್ಚು ಹಾಕಿದ ಲಿಥೋಗ್ರಾಫಿನಲ್ಲಿ ಬಣ್ಣ ಬಯಲಿನಂತೆ ಹರಡಿರುತ್ತದೆ, ಛಾಯೆ ಬದಲಾಗುವಲ್ಲಿ ಬಳಪ ಉಜ್ಜಿದಂಥ ತರಿ ಇರುತ್ತದೆ. ನಾಲ್ಕು ಬಣ್ಣದ ಗುಲಾಬಿಗಳು ಕಂಡರೆ ಅದು ಮುಂದೆ ಯಾರೋ ಛಾಯಾಚಿತ್ರ ತೆಗೆದು ಅಚ್ಚು ಹಾಕಿದ್ದು. ಮರುಮುದ್ರಣ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನನ್ನ ಬಳಿಯೂ ಎರಡಿವೆ. ಮೂಲವೆಂದು ನಂಬಿ ಕೊಳ್ಳಬಾರದು, ಅಷ್ಟೆ. ಮರುಮುದ್ರಣವಾದರೂ ಝಿಯೊ ಹ್ಯಾಮ್ ಅವರ ಓರೆ ಗೆರೆಗಳಿಂದ ಕಲಿಯಲು ಬೇಕಾದಷ್ಟಿದೆ.

ಈಗ ಚೌಕಟ್ಟು. ಒಳ್ಳೆಯ ಮುದ್ರಣ ಹಾಳಾಗುವುದು ಹೆಚ್ಚಾಗಿ ಚೌಕಟ್ಟು ಹಾಕುವ ಮೇಜಿನ ಮೇಲೆ. ಹಾಳೆ ಸೆಟೆದು ಚಪ್ಪಟೆಯಾಗಿ ಕೂರಲೆಂದು ಬಿಸಿ ಒತ್ತಿ ಹಲಗೆಗೆ ಅಂಟಿಸಿಬಿಡುತ್ತಾರೆ. ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ, ಅಂದಿನಿಂದ ಸಂಗ್ರಹಕಾರರ ಕಣ್ಣಿನಲ್ಲಿ ಅದರ ಬೆಲೆ ಬಿದ್ದುಹೋಗುತ್ತದೆ. ನಾನು ಆರಿಸಿಕೊಂಡ ಚೌಕಟ್ಟಿನವರು ಮೊದಲು ಕೈ ತೊಳೆದುಕೊಂಡು ಬಂದರು; ಆಗಲೇ ನಿರಾಳವಾಯಿತು. ಆಮ್ಲರಹಿತ ಹತ್ತಿಯ ರಟ್ಟು ತೋರಿಸಿದರು. ಹಾಳೆಯ ಮೇಲಂಚಿಗೆ ಮಾತ್ರ, ಹಿಂಬದಿಯಲ್ಲಿ, ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚಿದರು. ನೀರು ತಾಗಿಸಿದರೆ ಬಿಡಿಸಬಹುದಾದ ಅಂಟು ಅದು. ಹಾಳೆ ಅಲ್ಲಿಂದ ತೂಗುತ್ತದೆ, ಹವೆಯ ತೇವಕ್ಕೆ ಹಿಗ್ಗಲು ಕುಗ್ಗಲು ಜಾಗವಿದೆ. ಮುಂದೆ ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್, ಅದು ಚಿತ್ರಕ್ಕೆ ತಾಗದಷ್ಟು ಅಂತರ. ಹೀಗೆ ಮಾಡಿದ ಮೇಲೂ ನೇರ ಬಿಸಿಲು ಕೂಡದು. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಬೆಳಕಿನ ಮಿತಿ ಸುಮಾರು 50 ಲಕ್ಸ್, ಮಂದ ದೀಪದ ಕೋಣೆಯಷ್ಟು. ನನ್ನ ಚಿತ್ರ ಕಿಟಕಿಯಿಲ್ಲದ ಓಣಿಯ ಗೋಡೆಗೆ ಹೋಗಬೇಕೆಂದು ಆಗಲೇ ನಿಶ್ಚಯಿಸಿದೆ.

ಹಳೆಯ ರಟ್ಟನ್ನು ಅವರು ಎತ್ತಿದ್ದು ನನ್ನ ಎದುರಿಗೇ. ಎಡಬದಿಯಲ್ಲಿ ಆ ರಟ್ಟು ಚಿತ್ರದ ಮೇಲೆ ನಾಲ್ಕು ಮಿಲಿಮೀಟರಿನಷ್ಟು ಹತ್ತಿ ಕುಳಿತಿತ್ತು. ಅದನ್ನು ಎತ್ತಿದೊಡನೆ ಕೆಳಗೆ ಒಂದು ಕೆಂಪು ಪಟ್ಟಿ ಕಂಡಿತು. ಕಾಲಿನ್ಸ್ ಅವರ ಕಾರಿನ ಹಿಂಭಾಗ, ಬೆಳಕು ಒಮ್ಮೆಯೂ ಮುಟ್ಟದ ಜಾಗ. ಯಂತ್ರದಿಂದ ಇಳಿದ ದಿನ ಇದ್ದ ಕೆಂಪು. ಲೂಪ್ ಇಟ್ಟೆ: ಮಜೆಂಟಾ ತುಂಬಿ ನಿಂತಿತ್ತು, ಹಳದಿ ಅದರ ಕೆಳಗೆ ಬೆಚ್ಚಗೆ ಇತ್ತು. ಪಟ್ಟಿಯ ಗಡಿ ದಾಟಿ ಲೂಪನ್ನು ಬಲಕ್ಕೆ ಸರಿಸಿದರೆ ಅದೇ ಚುಕ್ಕೆಗಳು, ಅದೇ ಗಾತ್ರ, ಆದರೆ ಉಸಿರು ಇಳಿದಂತೆ ತೆಳು. ನಾನು ಏನೂ ಮಾತಾಡಲಿಲ್ಲ. ಚೌಕಟ್ಟಿನವರೂ ಸುಮ್ಮನೆ ನಿಂತರು.

ಹೊಸ ರಟ್ಟನ್ನು ಎಷ್ಟು ಅಗಲಕ್ಕೆ ಕತ್ತರಿಸಲಿ, ಆ ಪಟ್ಟಿಯನ್ನು ಮುಚ್ಚಿಬಿಡಲೇ, ಎರಡು ಬಣ್ಣ ಎದ್ದು ಕಾಣುತ್ತದೆ ಎಂದು ಅವರು ಕೇಳಿದರು. ಎಡಬದಿಯಲ್ಲಿ ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಲು ಹೇಳಿದೆ. ಈಗ ಓಣಿಯಲ್ಲಿ ನಿಂತು ನೋಡಿದರೆ ಮಾಸಿದ ಕಾರುಗಳ ಹಿಂದೆ, 7ನೇ ಸಂಖ್ಯೆಯ ಬಾಲದಲ್ಲಿ, ಆ ಕೆಂಪು ಕಾಣುತ್ತದೆ.